ರಾಸಾಯನಿಕ ಮಾಹಿತಿ ವಿಭಾಗದ ಹಣಕಾಸು: ನನ್ನ ಅನುಭವ

ಅಮೆರಿಕನ್ ಕೆಮಿಕಲ್ ಸೊಸೈಟಿಯ ರಾಸಾಯನಿಕ ಮಾಹಿತಿ ವಿಭಾಗಕ್ಕೆ ಈಗಿನ ಹೆಸರು ಬಂದದ್ದು 1975ರಲ್ಲಿ. ಅದಕ್ಕೂ ಮೊದಲು ಅದು ರಾಸಾಯನಿಕ ಸಾಹಿತ್ಯ ವಿಭಾಗವಾಗಿತ್ತು. ಗ್ರಂಥಪಾಲಕರು, ಪೇಟೆಂಟ್ ಶೋಧಕರು, ದತ್ತಸಂಚಯ ಕಟ್ಟುವವರು, ಅಣುಗಳ ರಚನೆಯನ್ನು ಕಂಪ್ಯೂಟರಿಗೆ ಅರ್ಥವಾಗುವಂತೆ ಬರೆಯುವ ತಂತ್ರಾಂಶಕಾರರು ಇದರ ಸದಸ್ಯರು. ವೃತ್ತಿಯಿಂದ ಪೇಟೆಂಟ್ ಶೋಧಕನಾದ ನಾನು ಕೆಲವು ವರ್ಷ ಈ ವಿಭಾಗದ ಹಣಕಾಸು ಸಮಿತಿಯಲ್ಲಿ ದುಡಿದೆ. ಊರಿನಲ್ಲಿ ಸಂಘ ಸಂಸ್ಥೆಗಳ ಲೆಕ್ಕ ನೋಡಿಕೊಳ್ಳುವ ಗೆಳೆಯರು ಅಲ್ಲಿನ ಪದ್ಧತಿ ಹೇಗೆ ಎಂದು ಕೇಳುತ್ತಲೇ ಇರುವುದರಿಂದ ಇದನ್ನು ಬರೆದಿಡುತ್ತಿದ್ದೇನೆ.

ಇಂತಹ ವಿಭಾಗದ ಆದಾಯದಲ್ಲಿ ಸದಸ್ಯತ್ವ ಶುಲ್ಕದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಅದು ತಾನಾಗಿ ಬರುತ್ತದೆ, ತಾನಾಗಿ ಖರ್ಚಾಗುತ್ತದೆ. ತಲೆ ಕೆಡಿಸಿಕೊಳ್ಳಬೇಕಾದದ್ದು ಪ್ರಾಯೋಜಕರ ಹಣದ ಬಗ್ಗೆ. ದತ್ತಸಂಚಯ ಮಾರುವ ಕಂಪನಿಗಳು, ಪ್ರಕಾಶಕರು ಮತ್ತು ತಂತ್ರಾಂಶ ಸಂಸ್ಥೆಗಳು ಸಮ್ಮೇಳನದ ಸತ್ಕಾರಕೂಟಕ್ಕೋ ವಿಚಾರಗೋಷ್ಠಿಗೋ ಹಣ ಕೊಡುತ್ತವೆ, ಬದಲಿಗೆ ತಮ್ಮ ಹೆಸರು ಕಾಣಬೇಕೆಂದು ಬಯಸುತ್ತವೆ. ಹೆಸರನ್ನು ಹೇಗೆ ಕಾಣಿಸಿದೆವು ಎಂಬುದರ ಮೇಲೆ ಆ ಹಣಕ್ಕೆ ತೆರಿಗೆ ಉಂಟೋ ಇಲ್ಲವೋ ಎಂಬುದು ತೀರ್ಮಾನವಾಗುತ್ತದೆ. 1997ರಲ್ಲಿ ಅಮೆರಿಕದ ತೆರಿಗೆ ಕಾನೂನಿಗೆ ಸೇರಿದ ನಿಯಮದ ಪ್ರಕಾರ ಪ್ರಾಯೋಜಕರ ಲಾಂಛನ, ವಿಳಾಸ, ಅವರ ಉತ್ಪನ್ನಗಳ ಹೆಸರು ಇಷ್ಟನ್ನು ಹಾಕಿ ಧನ್ಯವಾದ ಹೇಳಿದರೆ ಅದು ಕೃತಜ್ಞತೆ, ತೆರಿಗೆಯಿಲ್ಲ. ಆದರೆ ಬೆಲೆ ಹೇಳಿದರೆ, 'ಎಲ್ಲಕ್ಕಿಂತ ವೇಗದ ಶೋಧ' ಎಂದು ಹೋಲಿಸಿದರೆ, 'ಇಂದೇ ಚಂದಾದಾರರಾಗಿ' ಎಂದು ಕರೆದರೆ ಅದು ಜಾಹೀರಾತಾಗುತ್ತದೆ. ಅಂತಹ ಒಟ್ಟು ವರಮಾನ ವರ್ಷಕ್ಕೆ 1,000 ಡಾಲರ್ ಮುಟ್ಟಿದರೆ 990-ಟಿ ಎಂಬ ಬೇರೆಯೇ ನಮೂನೆ ಸಲ್ಲಿಸಬೇಕು. 'ಎಷ್ಟು ಜನ ಬರುತ್ತಾರೋ ಅಷ್ಟಕ್ಕೆ ತಕ್ಕಂತೆ ಹಣ' ಎಂಬ ಷರತ್ತಿದ್ದರೂ ವಿನಾಯಿತಿ ಸಿಗದು. ನಿಯತಕಾಲಿಕೆಯಲ್ಲಿ ಹೆಸರು ಅಚ್ಚು ಮಾಡುವುದಕ್ಕೆಂದೇ ಕೊಟ್ಟ ಹಣಕ್ಕೂ ಈ ನಿಯಮ ಅನ್ವಯಿಸುವುದಿಲ್ಲ, ಹಾಗಾಗಿ ವಾರ್ತಾಪತ್ರದ ಲೆಕ್ಕವನ್ನು ಸಮ್ಮೇಳನದ ಲೆಕ್ಕದೊಂದಿಗೆ ಬೆರೆಸಬಾರದು.

ಇದನ್ನೆಲ್ಲ ವರ್ಷಾಂತ್ಯದಲ್ಲಿ ಬಿಡಿಸುತ್ತ ಕುಳಿತರೆ ಮುಗಿಯುವ ಕೆಲಸವಲ್ಲ. ಆದ್ದರಿಂದ ಚೆಕ್ ಬರುವ ಮೊದಲೇ ಒಪ್ಪಂದದ ಪತ್ರದಲ್ಲಿ ಯಾವ ಕಾರ್ಯಕ್ರಮಕ್ಕೆ, ಯಾವ ಮಾತುಗಳಲ್ಲಿ ಕೃತಜ್ಞತೆ, ಕಾರ್ಯಕ್ರಮ ರದ್ದಾದರೆ ಹಣ ಏನಾಗಬೇಕು ಎಂಬ ಮೂರನ್ನೂ ಬರೆಸಿಕೊಳ್ಳುವ ಪದ್ಧತಿಯನ್ನು ನಾನು ಪಾಲಿಸಿದೆ. ಪ್ರಾಯೋಜಕ ಕಂಪನಿಗಳ ಮಾರಾಟದವರಿಗೆ ಇದು ಕಿರಿಕಿರಿಯೆನಿಸುತ್ತಿತ್ತು, ಅವರ ಲೆಕ್ಕ ತಪಾಸಣೆಯವರಿಗೆ ಮಾತ್ರ ಬಹಳ ಇಷ್ಟವಾಗುತ್ತಿತ್ತು.

ವೋಚರುಗಳ ಸಂಖ್ಯೆಯ ವಿಷಯದಲ್ಲಿ ನಮ್ಮ ಕ್ಷೇತ್ರದ್ದೇ ಒಂದು ಉಪಾಯ ಕೈಹಿಡಿಯಿತು. ಪ್ರತಿ ರಾಸಾಯನಿಕ ವಸ್ತುವಿಗೂ ಗುರುತಾಗಿ ಕೊಡುವ ಸಿಎಎಸ್ (ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್ ಸರ್ವಿಸ್) ನೋಂದಣಿ ಸಂಖ್ಯೆಯ ಕೊನೆಯ ಅಂಕಿ ಪರೀಕ್ಷಾ ಅಂಕಿ, ಅಂದರೆ ಬರೆಯುವಾಗಿನ ತಪ್ಪು ಹಿಡಿಯುವ ಅಂಕಿ: ನೀರಿನ ಸಂಖ್ಯೆ 7732-18-5ರಲ್ಲಿ ಕೊನೆಯದನ್ನು ಬಿಟ್ಟು ಬಲದಿಂದ ಎಡಕ್ಕೆ ಅಂಕಿಗಳನ್ನು 1, 2, 3 ಎಂದು ಗುಣಿಸುತ್ತ ಕೂಡಿದರೆ 105 ಬರುತ್ತದೆ, ಅದರ ಕೊನೆಯ ಅಂಕಿ 5. ನಾನು ವೋಚರುಗಳಿಗೂ ಇದನ್ನೇ ಅಳವಡಿಸಿದೆ. 2417 ಎಂಬ ವೋಚರು 2417-9 ಆಗುತ್ತದೆ. ಯಾರಾದರೂ ಆತುರದಲ್ಲಿ 2471-9 ಎಂದು ಟೈಪಿಸಿದರೆ ಅಲ್ಲಿ 5 ಬರಬೇಕಿತ್ತೆಂದು ಕಂಪ್ಯೂಟರಿನ ಲೆಕ್ಕದ ತಖ್ತೆ ತಕ್ಷಣ ಕೆಂಪಾಗಿ ತೋರಿಸುತ್ತದೆ. ಮೂಲ ಸಂಖ್ಯೆಯಲ್ಲಿ ಪಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೆ ಈ ವಿಧಾನ ಅದನ್ನು ಹಿಡಿಯದೆ ಬಿಡುವುದಿಲ್ಲ. ಬೇರೆ ಬೇರೆ ಊರುಗಳಲ್ಲಿ ಕುಳಿತ ಸ್ವಯಂಸೇವಕರು ರಾತ್ರಿ ಊಟವಾದ ಮೇಲೆ ಲೆಕ್ಕ ತುಂಬುವ ಸಂಸ್ಥೆಗೆ ಇದು ಸಣ್ಣ ಸಹಾಯವಲ್ಲ.

ಅಮೆರಿಕದ ತೆರಿಗೆ ಇಲಾಖೆಗೆ ಸಲ್ಲಿಸುವ ವಾರ್ಷಿಕ ವಿವರ ಪತ್ರದ ಕೆಲಸ ನಿಯಮ ಗೊತ್ತಿದ್ದರೆ ಸರಳ. ಲಾಭರಹಿತ ಸಂಸ್ಥೆಯ ಒಟ್ಟು ವರಮಾನ ಸಾಮಾನ್ಯವಾಗಿ 50,000 ಡಾಲರ್ ಮೀರದಿದ್ದರೆ 990-ಎನ್ ಎಂಬ ಪುಟ್ಟ ನಮೂನೆ ಸಾಕು. ವರಮಾನ 2 ಲಕ್ಷ ಡಾಲರ್ ಅಥವಾ ಆಸ್ತಿ 5 ಲಕ್ಷ ಡಾಲರ್ ಮುಟ್ಟಿದರೆ ಪೂರ್ಣ 990, ನಡುವಿನವರಿಗೆ 990-ಇಝಡ್. ಲೆಕ್ಕದ ವರ್ಷ ಡಿಸೆಂಬರಿಗೆ ಮುಗಿಯುವವರಿಗೆ ಮೇ 15 ಗಡುವು.

ಇನ್ನುಳಿದದ್ದು ಪ್ರಶಸ್ತಿಗಳು. ರಾಸಾಯನಿಕ ಮಾಹಿತಿ ಕ್ಷೇತ್ರದ ಸಾಧನೆಗೆ ಕೊಡುವ ಹರ್ಮನ್ ಸ್ಕೋಲ್ನಿಕ್ ಪ್ರಶಸ್ತಿ ಈ ವಿಭಾಗದ ಹೆಮ್ಮೆ; ಅದರ ಜೊತೆಗೆ ವಿದ್ಯಾರ್ಥಿಗಳ ಪೋಸ್ಟರುಗಳಿಗೂ ಬಹುಮಾನಗಳಿವೆ. ಬಹುಮಾನಕ್ಕೆಂದೇ ದಾನಿ ಕೊಟ್ಟ ಹಣವನ್ನು ಬೇರೆ ಖರ್ಚಿಗೆ ಮುಟ್ಟುವಂತಿಲ್ಲ, ಆದ್ದರಿಂದ ತಿಂಗಳ ವರದಿಯಲ್ಲಿ 'ಬ್ಯಾಂಕಿನಲ್ಲಿರುವ ಹಣ' ಎಂಬ ಒಂದೇ ಸಾಲನ್ನು ನಾನು ಒಪ್ಪುತ್ತಿರಲಿಲ್ಲ. ಕಟ್ಟಿಟ್ಟ ಹಣ, ಸಮಿತಿ ಸ್ವತಂತ್ರವಾಗಿ ಖರ್ಚು ಮಾಡಬಹುದಾದ ಹಣ ಎಂದು ಎರಡು ಸಾಲು ಬರೆಯುತ್ತಿದ್ದೆ. ಗೆದ್ದವರು ಬೆಂಗಳೂರಿನಿಂದಲೋ ಬರ್ಲಿನ್‌ನಿಂದಲೋ ಬಂದವರಾದರೆ ಇನ್ನೊಂದು ಎಚ್ಚರಿಕೆ ಬೇಕು. ರಸೀದಿ ಸಮೇತ ಮರಳಿಸುವ ಪ್ರಯಾಣದ ಖರ್ಚು ಬೇರೆ, ಬಹುಮಾನದ ಹಣ ಬೇರೆ. ಅಮೆರಿಕದ ನಿವಾಸಿಯಲ್ಲದವರ ಬಹುಮಾನದಿಂದ ಶೇಕಡಾ 30ರವರೆಗೆ ತೆರಿಗೆಯನ್ನು ಮೂಲದಲ್ಲೇ ಹಿಡಿಯಬೇಕಾಗಬಹುದು. ಹೀಗಾಗಿ ತಾವು ಅಮೆರಿಕದ ನಿವಾಸಿಯಲ್ಲವೆಂದು ಅವರು ಘೋಷಿಸುವ ಡಬ್ಲ್ಯು-8ಬೆನ್ ನಮೂನೆಯನ್ನು ಅಭಿನಂದನಾ ಪತ್ರದ ಜೊತೆಯಲ್ಲೇ ಕಳಿಸುತ್ತಿದ್ದೆ, ಕೈಗೆ ಸೇರುವ ಮೊತ್ತ ಕಡಿಮೆಯಾಗಬಹುದೆಂದು ಅದೇ ಪತ್ರದಲ್ಲಿ ಒಂದು ಸಾಲು ಸೇರಿಸಿ.