ಮೊನೆರೊ ಇಟ್ಟುಕೊಳ್ಳುವುದು ಹೇಗೆ: ಕಾನೂನಿನಿಂದ 25 ಪದಗಳವರೆಗೆ

ಮೊನೆರೊದಂಥ ಪ್ರೈವೆಸಿ ಕಾಯಿನ್, ಅಂದರೆ ಯಾರು ಯಾರಿಗೆ ಎಷ್ಟು ಕಳಿಸಿದರು ಅಂತ ಹೊರಗಿನವರಿಗೆ ಕಾಣದ ಕ್ರಿಪ್ಟೊ, ಅದರ ಬಗ್ಗೆ ಮಾತು ತೆಗೆದರೆ ಎಲ್ಲರೂ ಮೊದಲು ಕೇಳುವುದು, ‘ಇದು ಕಾನೂನುಬಾಹಿರ ಅಲ್ವಾ?’ ಅಂತ. ಅದಕ್ಕೆ ಉತ್ತರ ಸುಲಭ. ಜನ ಎಡವುವುದು ವಾಲೆಟ್‌ನ (ಕಾಯಿನ್ ಇಟ್ಟುಕೊಳ್ಳುವ ಆ್ಯಪ್) ಪದಗಳನ್ನು, ಅಂದರೆ ಅದನ್ನು ವಾಪಸ್ ತರುವ ಕೀಲಿಯನ್ನು, ಬರೆದಿಡುವಾಗ.

ಮೊದಲು ಕಾನೂನು. ಭಾರತದಲ್ಲಿ ಕ್ರಿಪ್ಟೊ ಇಟ್ಟುಕೊಳ್ಳುವುದು ಅಪರಾಧ ಅಲ್ಲ. ರೂಪಾಯಿಯಂತೆ ಅಧಿಕೃತ ಹಣವೂ ಅಲ್ಲ. 2022ರಿಂದ ಲಾಭದ ಮೇಲೆ 30% ತೆರಿಗೆ ಇದೆ, ಅದರ ಮೇಲೆ ಸೆಸ್. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ. ಬಿಟ್‌ಕಾಯಿನ್ ಕೊಟ್ಟು ಮೊನೆರೊ ತಗೊಂಡರೂ ಲೆಕ್ಕಕ್ಕೆ ಅದು ಮಾರಾಟವೇ. ಪ್ರತಿ ಸಲ ದಿನಾಂಕ, ರೂಪಾಯಿ ಬೆಲೆ ಬರೆದಿಡಿ. ನಿಮ್ಮ ಹತ್ತಿರ ಎಷ್ಟಿದೆ ಅಂತ ವ್ಯಾಪಾರಿಗೆ ಕಾಣಬಾರದು ಅನ್ನುವುದು ನ್ಯಾಯವಾದ ಆಸೆ. ರಿಟರ್ನ್‌ನಲ್ಲಿ ಮುಚ್ಚಿಡುವುದು ಮಾತ್ರ ತಪ್ಪು. ದುಬೈನಲ್ಲಿರುವ ಕನ್ನಡಿಗರೇ, ನಿಮ್ಮಲ್ಲಿ 2023ರಿಂದ ಇಂಥ ಕಾಯಿನ್‌ಗಳ ವ್ಯವಹಾರಕ್ಕೇ ನಿಷೇಧವಿದೆ, ನೆನಪಿರಲಿ.

ಕೊಳ್ಳುವುದು. ಎಫ್‌ಐಯುನಲ್ಲಿ (ಕೇಂದ್ರದ ಹಣಕಾಸು ಗುಪ್ತಚರ ಘಟಕ) ನೋಂದಾಯಿಸಿಕೊಂಡ ಎಕ್ಸ್‌ಚೇಂಜ್, ಅಂದರೆ ಕ್ರಿಪ್ಟೊ ಕೊಳ್ಳುವ-ಮಾರುವ ಕಂಪನಿ, ಬಿಟ್ಟು ಆಚೆ ಹೋಗಬೇಡಿ. ಮೊನೆರೊವನ್ನು ಹಲವರು ಪಟ್ಟಿಯಿಂದ ತೆಗೆದಿದ್ದಾರೆ. ದೊಡ್ಡ ಎಕ್ಸ್‌ಚೇಂಜ್ ಬೈನಾನ್ಸ್ ಕೂಡ 2024ರ ಫೆಬ್ರುವರಿಯಲ್ಲಿ ತೆಗೆಯಿತು. ಹಾಗಂತ ಟೆಲಿಗ್ರಾಂನಲ್ಲಿ ಗುರುತಿಲ್ಲದವರ ಜೊತೆ ಯುಪಿಐ ವ್ಯವಹಾರಕ್ಕೆ ಇಳಿಯಬೇಡಿ. ಮಾರುವಾಗ ನಿಮ್ಮ ಖಾತೆಗೆ ಬಂದ ದುಡ್ಡು ಯಾವುದೋ ಸೈಬರ್ ವಂಚನೆಯದ್ದಾದರೆ, ಫ್ರೀಜ್ ಆಗುವುದು ನಿಮ್ಮ ಖಾತೆ.

ಡೌನ್‌ಲೋಡ್. ವಾಲೆಟ್ ಅನ್ನು ಮೊನೆರೊದ ಅಧಿಕೃತ ಸೈಟ್ ಗೆಟ್‌ಮೊನೆರೊ ಡಾಟ್ ಆರ್ಗ್‌ನಿಂದಲೇ ಇಳಿಸಿ. ಇಳಿಸಿದ ಮೇಲೆ ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಅಕ್ಷರಸಾಲು, ಸೈಟ್‌ನಲ್ಲಿ ಕೊಟ್ಟಿದ್ದಕ್ಕೆ ತಾಳೆ ನೋಡಲೇಬೇಕು. 2019ರ ನವೆಂಬರ್‌ನಲ್ಲಿ ಅದೇ ಸೈಟ್‌ಗೆ ಯಾರೋ ನುಗ್ಗಿ ಕಳ್ಳ ವಾಲೆಟ್ ಇಟ್ಟಿದ್ದರು. ಹ್ಯಾಶ್ ತಾಳೆ ಆಗದ್ದನ್ನು ಒಬ್ಬ ಬಳಕೆದಾರ ಗಮನಿಸಿದ್ದರಿಂದಲೇ ಅದು ಬಯಲಾಯಿತು.

ಈಗ ಆ ಪದಗಳು. ವಾಲೆಟ್ ತೆರೆದಾಗ 25 ಇಂಗ್ಲಿಷ್ ಪದ ಬರುತ್ತದೆ. ಬಾಲ್‌ಪೆನ್‌ನಲ್ಲಿ ಕಾಗದದ ಮೇಲೆ ಬರೆಯಿರಿ, ಪಕ್ಕದಲ್ಲಿ 1, 2, 3 ಅಂತ ನಂಬರ್ ಹಾಕಿ. ಫೋಟೊ ಬೇಡ, ಫೋನಿನ ಫೋಟೊ ತಾನಾಗಿ ಕ್ಲೌಡ್‌ಗೆ ಹೋಗಿರಬಹುದು. ವಾಟ್ಸಾಪ್‌ನಲ್ಲಿ ನಿಮಗೇ ಕಳಿಸಿಕೊಳ್ಳುವುದೂ ಬೇಡ. ಲ್ಯಾಮಿನೇಶನ್‌ಗೆ ಅಂತ ಝೆರಾಕ್ಸ್ ಅಂಗಡಿಗಂತೂ ಕೊಡಲೇಬೇಡಿ. 25ನೇ ಪದ ಮೇಲಿನ 24ರಲ್ಲೇ ಒಂದು, ಮತ್ತೆ ಬಂದಿರುತ್ತದೆ. ಎರಡು ಸಲ ಬರೆದೆ ಅಂದುಕೊಂಡು ಅದನ್ನು ಹೊಡೆದುಹಾಕುವವರಿದ್ದಾರೆ. ಬೇಡ, ಬರೆಯುವಾಗ ತಪ್ಪಾಗಿದ್ದರೆ ಹಿಡಿಯುವ ಪದವೇ ಅದು. ಕೈಬರಹ ಓದಲಾಗದಿದ್ದರೆ ಗಾಬರಿ ಬೇಡ, ಪ್ರತಿ ಪದದ ಮೊದಲ 3 ಅಕ್ಷರ ಸಿಕ್ಕರೂ ಮೊನೆರೊದ ಪದಗಳ ಪಟ್ಟಿಯಲ್ಲಿ ಹುಡುಕಬಹುದು.

ಅದೇ ಕಾಗದದಲ್ಲಿ ವಾಲೆಟ್ ತೆರೆದ ದಿನಾಂಕವನ್ನೂ ಬರೆಯಿರಿ. ಮುಂದೆ ವಾಲೆಟ್ ವಾಪಸ್ ತರುವಾಗ ಎಲ್ಲಿಂದ ಹುಡುಕಬೇಕು ಅಂತ ಅದು ಕೇಳುತ್ತದೆ. ನೀವು ದುಡ್ಡು ಪಡೆದ ದಿನಕ್ಕಿಂತ ಈಚಿನ ದಿನಾಂಕ ಕೊಟ್ಟರೆ ಬ್ಯಾಲೆನ್ಸ್ ಸೊನ್ನೆ ತೋರಿಸುತ್ತದೆ. ದುಡ್ಡು ಎಲ್ಲೂ ಹೋಗಿರುವುದಿಲ್ಲ, ಹಿಂದಿನ ದಿನಾಂಕ ಕೊಟ್ಟರೆ ಕಾಣುತ್ತದೆ. ಇದು ಗೊತ್ತಿಲ್ಲದೆ ‘ರಿಕವರಿ ಮಾಡಿಕೊಡ್ತೀವಿ’ ಅನ್ನುವವರಿಗೆ ಪದ ಒಪ್ಪಿಸಿದರೆ ಆಗ ದುಡ್ಡು ನಿಜವಾಗಿ ಹೋಗುತ್ತದೆ. ಪದ ಮೊದಲೇ ಅಚ್ಚಾದ ಕಾರ್ಡ್ ಇರುವ ಹಾರ್ಡ್‌ವೇರ್ ವಾಲೆಟ್ (ಕೀಲಿ ಇಡುವ ಪುಟ್ಟ ಸಾಧನ) ಕೂಡ ಮೋಸವೇ, ವಾಪಸ್ ಕೊಡಿ.

ದುಡ್ಡು ಹಾಕುವ ಮೊದಲೇ ವಾಲೆಟ್ ಅಳಿಸಿ, ಕಾಗದ ನೋಡಿಕೊಂಡು ವಾಪಸ್ ತನ್ನಿ. ಅದೇ ವಿಳಾಸ ಬಂದರೆ ಸರಿ. ಆಮೇಲೆ ಸ್ವಲ್ಪವೇ ಹಾಕಿ ನೋಡಿ. ಬಂದ ಮೊತ್ತ 10 ಬ್ಲಾಕ್, ಅಂದರೆ ಸುಮಾರು 20 ನಿಮಿಷ ಲಾಕ್ ಆಗಿರುತ್ತದೆ. ಕಾಯಿರಿ, ಏನನ್ನೂ ಒತ್ತಬೇಡಿ.