ಹೊರದೇಶದ ತೆರಿಗೆ ವಂಚನೆ: ಸಂಸದರ ಮೂಲಕ ಪ್ರಶ್ನೆ ಕೇಳಿಸುವುದು ಹೇಗೆ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಪರಿಚಿತರು ಸಂಸದರಿಗೆ ಬರೆದ ಮನವಿಗಳನ್ನು ಕಳುಹಿಸುವ ಮೊದಲು ನನಗೊಮ್ಮೆ ತೋರಿಸುವ ರೂಢಿಯಿದೆ. ಹೆಚ್ಚಿನವು ಊರಿನ ಆರೋಗ್ಯ ಕೇಂದ್ರದಲ್ಲಿ ವೈದ್ಯರಿಲ್ಲ ಎಂಬಲ್ಲಿ ಆರಂಭವಾಗಿ, ಹೊರದೇಶದಲ್ಲಿ ಬಚ್ಚಿಟ್ಟ ಕಪ್ಪುಹಣವನ್ನು ತಂದರೆ ಎಲ್ಲವೂ ಸರಿಹೋಗುತ್ತದೆ ಎಂಬಲ್ಲಿ ಮುಗಿಯುತ್ತವೆ. ಆ ಸಂಕಟ ನನಗೆ ಹೊಸದಲ್ಲ. ಒಂದು ಆಷಾಢದ ರಾತ್ರಿ ಜ್ವರ ಏರಿದ ತಾಯಿಯನ್ನು ಬಾಡಿಗೆ ಜೀಪಿನಲ್ಲಿ ಮಲಗಿಸಿಕೊಂಡು, ಬೀಗ ಬಿದ್ದಿದ್ದ ಆರೋಗ್ಯ ಕೇಂದ್ರದ ಮುಂದೆಯೇ ಹಾದು ಶಿವಮೊಗ್ಗದವರೆಗೆ ಹೋದವನು ನಾನು. ಅಡಿಕೆ ಸುಲಿಯಲು ಬರುವ ಹೆಂಗಸು ಕೊಳ್ಳುವ ಸೋಪಿನ ಮೇಲೂ ತೆರಿಗೆ ಕೊಡುವಾಗ, ಕೋಟಿಗಳನ್ನು ದ್ವೀಪದೇಶದ ಕಂಪನಿಯ ಹೆಸರಿನಲ್ಲಿ ಇರಿಸಿದವರು ಕೊಡದೆ ಉಳಿಯುವುದು ಅನ್ಯಾಯವೇ ಸರಿ. ಆದರೆ ಪ್ರಶ್ನೆಯ ರೂಪದಲ್ಲಿ ಸದನ ತಲುಪಿದ ಮಾತಿಗೆ ಸಚಿವರು ಉತ್ತರ ಕೊಡಲೇಬೇಕು. ಮನವಿಗೆ ಅಂತಹ ಕಟ್ಟುಪಾಡಿಲ್ಲ. ಆದ್ದರಿಂದ ಮನವಿಯನ್ನು ಬದಿಗಿಟ್ಟು ಪ್ರಶ್ನೆಯನ್ನು ಬರೆಯಿರಿ.

ಮೊದಲು, ಯಾರ ಬಳಿ ಹೋಗಬೇಕೆಂಬುದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದವರು ಶಿವಮೊಗ್ಗದ ಸಂಸದರಿಗೆ ಬರೆಯುವುದನ್ನು ಕಂಡಿದ್ದೇನೆ. ಆ ಭಾಗ ಉಡುಪಿ–ಚಿಕ್ಕಮಗಳೂರು ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ಕೇಂದ್ರ ಸಚಿವರಾಗಿರುವವರು ಸದನದಲ್ಲಿ ಪ್ರಶ್ನೆ ಕೇಳುವುದಿಲ್ಲವಾದ್ದರಿಂದ, ನಿಮ್ಮ ಸಂಸದರು ಸಚಿವರಾಗಿದ್ದರೆ ಕರ್ನಾಟಕದಿಂದ ಆಯ್ಕೆಯಾದ 12 ಮಂದಿ ರಾಜ್ಯಸಭಾ ಸದಸ್ಯರಲ್ಲಿ ಒಬ್ಬರನ್ನು ಕೇಳಿ.

ಎರಡನೆಯದು ಸಮಯ. ಪ್ರಶ್ನೆಯ ಸೂಚನೆಯನ್ನು (ನೋಟಿಸ್) ಉತ್ತರದ ದಿನಕ್ಕಿಂತ ಪೂರ್ಣ 15 ದಿನ ಮೊದಲೇ ಸಲ್ಲಿಸಬೇಕೆಂಬುದು ಲೋಕಸಭೆಯ ನಿಯಮ. ಅಧಿವೇಶನ ಆರಂಭವಾದ ಮೇಲೆ ಕಾಗದ ಹಿಡಿದು ಹೋದರೆ ತಡವಾಯಿತೆಂದೇ ತಿಳಿಯಿರಿ. ಬಜೆಟ್, ಮಳೆಗಾಲ, ಚಳಿಗಾಲ, ಈ ಮೂರರಲ್ಲಿ ಯಾವುದೇ ಅಧಿವೇಶನವಾದರೂ ಒಂದು ತಿಂಗಳು ಮುಂಚೆ ಸಂಸದರ ಆಪ್ತ ಸಹಾಯಕರ ಕೈಗೆ ಕಾಗದ ತಲುಪಿರಲಿ.

ಮೂರನೆಯದು ಪ್ರಶ್ನೆಯ ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರಿಸುತ್ತಾರೆ, ಉಪಪ್ರಶ್ನೆಗೂ ಅವಕಾಶವಿರುತ್ತದೆ. ಆದರೆ ಲೋಕಸಭೆಯಲ್ಲಿ ದಿನಕ್ಕೆ ಅಂತಹವು 20 ಮಾತ್ರ ಪಟ್ಟಿಗೆ ಬರುತ್ತವೆ. ಲಿಖಿತ ಉತ್ತರ ಸಿಗುವ ಚುಕ್ಕೆರಹಿತ ಪ್ರಶ್ನೆಗಳು 230ರವರೆಗೆ ಬರುತ್ತವೆ. ಪಟ್ಟಿಗೆ ಸೇರುವ ಪ್ರಶ್ನೆಗಳನ್ನು ಚೀಟಿ ಎತ್ತಿ ಆರಿಸುವುದರಿಂದ ಅವಕಾಶ ಹೆಚ್ಚಿರುವುದು ಎರಡನೆಯದಕ್ಕೆ. ನಮಗೆ ಬೇಕಿರುವುದು ವರ್ಷವಾರು ಅಂಕಿಗಳಾದ್ದರಿಂದ ಚುಕ್ಕೆರಹಿತ ಪ್ರಶ್ನೆಯನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಖಚಿತ ಸಲಹೆ.

ಎಲ್ಲರೂ ಎಡವುವುದು ನಾಲ್ಕನೆಯ ಹಂತದಲ್ಲಿ, ಅಂದರೆ ಪ್ರಶ್ನೆಯ ವಾಕ್ಯ ಕಟ್ಟುವಲ್ಲಿ. ಲೋಕಸಭೆಯ ನಿಯಮಾವಳಿಯ 41ನೇ ನಿಯಮದ ಪ್ರಕಾರ ಪ್ರಶ್ನೆ 150 ಪದಗಳನ್ನು ಮೀರುವಂತಿಲ್ಲ, ಅದರಲ್ಲಿ ವಾದ, ಊಹೆ, ವ್ಯಂಗ್ಯ, ಆರೋಪ, ಮಾನಹಾನಿಕರ ಮಾತು ಇರಬಾರದು, ಅಭಿಪ್ರಾಯ ಕೇಳಬಾರದು, ನ್ಯಾಯಾಲಯದ ಮುಂದಿರುವ ವಿಷಯವನ್ನು ಎತ್ತಬಾರದು, ಈಗಾಗಲೇ ಉತ್ತರ ಸಿಕ್ಕಿದ್ದನ್ನು ಮತ್ತೆ ಕೇಳಬಾರದು. ‘ಬಡವರ ರಕ್ತ ಹೀರಿ ಹಣ ಸಾಗಿಸಿದವರ ಮೇಲೆ ಸರ್ಕಾರ ಯಾವಾಗ ಕ್ರಮ ಕೈಗೊಳ್ಳುತ್ತದೆ?’ ಎಂಬ ವಾಕ್ಯ ನಮ್ಮ ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸಬಹುದು, ಪ್ರಶ್ನೆಯಾಗಿ ಅದು ಅಂಗೀಕಾರವಾಗುವುದಿಲ್ಲ.

ಹೆಸರುಗಳನ್ನೂ ಕೇಳಬೇಡಿ. ಖಾತೆದಾರರ ಪಟ್ಟಿ ಕೊಡಿ ಎಂದು ಕೇಳಿದಾಗಲೆಲ್ಲ, ನಿರ್ದಿಷ್ಟ ತೆರಿಗೆದಾರರ ಮಾಹಿತಿಯನ್ನು ಬಹಿರಂಗಪಡಿಸಲು 1961ರ ಆದಾಯ ತೆರಿಗೆ ಕಾಯ್ದೆಯ 138ನೇ ಕಲಮಿನಲ್ಲಿ ಹೇಳಿದ್ದನ್ನು ಬಿಟ್ಟರೆ ಅವಕಾಶವಿಲ್ಲ ಎಂಬ ಉತ್ತರ ಬಂದಿದೆ. ಇತರ ದೇಶಗಳೊಂದಿಗಿನ ತೆರಿಗೆ ಒಪ್ಪಂದಗಳಲ್ಲೂ ಗೋಪ್ಯತೆಯ ಷರತ್ತುಗಳಿವೆ. ಎಷ್ಟು ಪ್ರಕರಣ, ಎಷ್ಟು ಮೊತ್ತ, ಯಾವ ವರ್ಷ ಎಂದು ಕೇಳಿದರೆ ಈ ಕಾರಣ ಮುಂದೊಡ್ಡಲು ಬರುವುದಿಲ್ಲ.

ಪದಗಳ ಬಗ್ಗೆಯೂ ಎಚ್ಚರ ಬೇಕು. ಹೊರದೇಶದಲ್ಲಿ ಖಾತೆ ಇರುವುದೇ ಅಪರಾಧವಲ್ಲ. ರಿಸರ್ವ್ ಬ್ಯಾಂಕಿನ ಯೋಜನೆಯಂತೆ ದೇಶದ ನಿವಾಸಿಯೊಬ್ಬರು ಹಣಕಾಸು ವರ್ಷವೊಂದರಲ್ಲಿ 2.5 ಲಕ್ಷ ಡಾಲರ್‌ವರೆಗೆ ಕಾನೂನುಬದ್ಧವಾಗಿ ಕಳುಹಿಸಬಹುದು, ಮಲೆನಾಡಿನ ಎಷ್ಟೋ ಮನೆಗಳು ಮಕ್ಕಳ ಓದಿಗೆ ಹಾಗೆ ಕಳುಹಿಸುತ್ತಿವೆ. ಕಾಯ್ದೆಯ ಸಂದುಗಳನ್ನು ಬಳಸಿ ತೆರಿಗೆಯನ್ನು ಕಡಿಮೆ ಮಾಡಿಕೊಳ್ಳುವುದು ಬೇರೆ, ಆಸ್ತಿಯನ್ನೇ ಮುಚ್ಚಿಟ್ಟು ವಂಚಿಸುವುದು ಬೇರೆ. ನಾವು ಕೇಳುತ್ತಿರುವುದು ಎರಡನೆಯದನ್ನು. ಅದಕ್ಕೆ 2015ರ ಕಪ್ಪುಹಣ ಕಾಯ್ದೆ ಇದೆ. ಘೋಷಿಸದ ವಿದೇಶಿ ಆದಾಯ ಮತ್ತು ಆಸ್ತಿಯ ಮೇಲೆ ಶೇ 30 ತೆರಿಗೆ, ಆ ತೆರಿಗೆಯ ಮೂರು ಪಟ್ಟು ದಂಡವನ್ನು ಅದು ವಿಧಿಸುತ್ತದೆ. ತಾವಾಗಿಯೇ ಘೋಷಿಸಿಕೊಳ್ಳಲು ಆ ವರ್ಷದ ಸೆಪ್ಟೆಂಬರ್ 30ರವರೆಗೆ ಕೊಟ್ಟಿದ್ದ ಅವಕಾಶದಲ್ಲಿ 648 ಮಂದಿ 4,164 ಕೋಟಿ ರೂಪಾಯಿ ಮೌಲ್ಯದ ಆಸ್ತಿ ತೋರಿಸಿದರೆಂಬುದನ್ನು ಸರ್ಕಾರವೇ ತಿಳಿಸಿದೆ. ಇದನ್ನು ಮತ್ತೆ ಕೇಳಿ ಅವಕಾಶ ಕಳೆದುಕೊಳ್ಳಬೇಡಿ.

ಅಂದಾಜು ಮೊತ್ತಗಳನ್ನು ಪ್ರಶ್ನೆಯೊಳಗೆ ತುರುಕುವುದು ಇನ್ನೊಂದು ತಪ್ಪು. ನಮ್ಮವರೇ ಆದ ಎಂ. ವೀರಪ್ಪ ಮೊಯಿಲಿ ಅಧ್ಯಕ್ಷರಾಗಿದ್ದ ಸಂಸತ್ತಿನ ಹಣಕಾಸು ಸ್ಥಾಯಿ ಸಮಿತಿ 2019ರಲ್ಲಿ ಈ ವಿಷಯದ ಮೇಲೆ ವರದಿ ಕೊಟ್ಟಿದೆ. ಅದರಲ್ಲಿ ಮೂರು ರಾಷ್ಟ್ರೀಯ ಸಂಸ್ಥೆಗಳ ಅಧ್ಯಯನಗಳಿವೆ. 1980ರಿಂದ 2010ರ ಅವಧಿಗೆ ಹೊರಹೋದ ಸಂಪತ್ತು 384ರಿಂದ 490 ಶತಕೋಟಿ ಡಾಲರ್ ಎಂದು ಒಂದು ಹೇಳಿದರೆ, 1990ರಿಂದ 2008ರ ಅವಧಿಗೆ ಸುಮಾರು 216 ಶತಕೋಟಿ ಡಾಲರ್ ಎಂದು ಇನ್ನೊಂದು ಹೇಳುತ್ತದೆ. ತಜ್ಞರೇ ಒಮ್ಮತಕ್ಕೆ ಬಾರದ ಸಂಖ್ಯೆಯನ್ನು ನೀವು ಸತ್ಯವೆಂದು ಬರೆದರೆ, ಉತ್ತರ ಸಿದ್ಧಪಡಿಸುವ ಅಧಿಕಾರಿ ಆ ಸಂಖ್ಯೆಯನ್ನು ಅಲ್ಲಗಳೆದು ನಿಮ್ಮ ಮೂಲ ಪ್ರಶ್ನೆಯನ್ನು ಅಲ್ಲಿಯೇ ಬಿಟ್ಟುಬಿಡುವ ಸಾಧ್ಯತೆಯಿದೆ. ವರದಿಯನ್ನು ಓದಿಕೊಳ್ಳಿ, ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಪ್ರಶ್ನೆಯಲ್ಲಿ ಬೇಡ.

ನಾನು ಬರೆದುಕೊಡುವ ಮಾದರಿ ಹೀಗಿರುತ್ತದೆ. ‘ಹಣಕಾಸು ಸಚಿವರು ತಿಳಿಸುವರೇ: (ಅ) 2015ರ ಕಪ್ಪುಹಣ ಕಾಯ್ದೆಯ ಅಡಿಯಲ್ಲಿ ಕಳೆದ ಐದು ಹಣಕಾಸು ವರ್ಷಗಳಲ್ಲಿ ಹೊರಡಿಸಿದ ತೆರಿಗೆ ಮತ್ತು ದಂಡದ ಬೇಡಿಕೆಯ ವರ್ಷವಾರು ಮೊತ್ತವೆಷ್ಟು; (ಆ) ಅದರಲ್ಲಿ ಪ್ರತಿ ವರ್ಷ ವಸೂಲಾಗಿ ಖಜಾನೆಗೆ ಸೇರಿದ ಮೊತ್ತವೆಷ್ಟು; (ಇ) ವಸೂಲಾಗದ ಮೊತ್ತದಲ್ಲಿ ಮೇಲ್ಮನವಿಯ ಹಂತದಲ್ಲಿರುವುದು ಎಷ್ಟು; (ಈ) ಹೂಡಿದ ಮೊಕದ್ದಮೆಗಳೆಷ್ಟು, ಶಿಕ್ಷೆಯಾದ ಪ್ರಕರಣಗಳೆಷ್ಟು; (ಉ) ವಸೂಲಾದ ಮೊತ್ತದಲ್ಲಿ ರಾಜ್ಯಗಳಿಗೆ ಹಂಚಿಕೆಯಾದದ್ದು ಎಷ್ಟು, ಅದರಲ್ಲಿ ಕರ್ನಾಟಕದ ಪಾಲೆಷ್ಟು?’

ಇಲ್ಲಿನ ಜೀವಾಳ (ಅ) ಮತ್ತು (ಆ) ಬೇರೆಬೇರೆಯಾಗಿರುವುದು. ಪತ್ತೆಯಾದದ್ದು, ಬೇಡಿಕೆ (ಇಷ್ಟು ಕಟ್ಟಿ ಎಂಬ ಇಲಾಖೆಯ ಆದೇಶ) ಹೊರಡಿಸಿದ್ದು, ವಸೂಲಾದದ್ದು ಮೂರು ಬೇರೆ ಸಂಗತಿಗಳು. ಹೊರದೇಶದ ಕಂಪನಿಗಳಲ್ಲಿ ಹಣ ಇರಿಸಿದವರ ವಿವರ ಸೋರಿಕೆಯಾದ ಪನಾಮಾ ಮತ್ತು ಪ್ಯಾರಡೈಸ್ ದಾಖಲೆಗಳ ವಿಷಯದಲ್ಲಿ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಸಂಸತ್ತಿಗೆ ಕೊಟ್ಟ ಉತ್ತರವನ್ನು ನೋಡಿ: ಭಾರತದ ಸಂಬಂಧವಿರುವ 930 ವ್ಯಕ್ತಿ-ಸಂಸ್ಥೆಗಳ 20,353 ಕೋಟಿ ರೂಪಾಯಿ ಲೆಕ್ಕಕ್ಕೆ ಸಿಗದ ಜಮೆ ಪತ್ತೆಯಾಗಿತ್ತು, ಅದುವರೆಗೆ ವಸೂಲಾದ ತೆರಿಗೆ 153.88 ಕೋಟಿ ರೂಪಾಯಿ. ಪತ್ತೆಯಾದ ಜಮೆಯೆಲ್ಲ ತೆರಿಗೆಯಲ್ಲ, ನಿಜ. ಮೇಲ್ಮನವಿಗಳಿಗೆ ವರ್ಷಗಳೇ ಹಿಡಿಯುತ್ತವೆ ಎಂಬುದೂ ನಿಜ. ಹಾಗಿದ್ದರೂ, ಎರಡೂ ಸಂಖ್ಯೆಗಳು ಉತ್ತರದಲ್ಲಿ ಬಂದದ್ದರಿಂದಲೇ ಆ ಅಂತರ ದಾಖಲೆಗೆ ಸೇರಿತು. ಮೊದಲನೆಯದಷ್ಟೇ ಬಂದಿದ್ದರೆ 20 ಸಾವಿರ ಕೋಟಿ ಬಂದೇಬಿಟ್ಟಿತೆಂದು ಓದುಗರು ತಿಳಿಯುತ್ತಿದ್ದರು.

ಕನ್ನಡದಲ್ಲಿ ಬರೆದು ಮೊಬೈಲ್ ಆ್ಯಪ್‌ನಿಂದ ಇಂಗ್ಲಿಷ್‌ಗೆ ಅನುವಾದಿಸಿ ಕಳುಹಿಸುವ ಅಡ್ಡದಾರಿ ಬೇಡ. ಒಂದು ಆ್ಯಪ್ ‘ತೆರಿಗೆ ಬೇಡಿಕೆ’ಯನ್ನು ತೆರಿಗೆಗಾಗಿ ಮಾಡಿದ ವಿನಂತಿ ಎಂದು ತಿರುಗಿಸಿದ್ದನ್ನು ನಾನೇ ತಿದ್ದಿದ್ದೇನೆ. ಊರಿನ ಲೆಕ್ಕಪರಿಶೋಧಕರು ಅಥವಾ ಕಾಲೇಜಿನ ವಾಣಿಜ್ಯ ಅಧ್ಯಾಪಕರು ಅರ್ಧ ಗಂಟೆಯಲ್ಲಿ ಇದನ್ನು ಸರಿಪಡಿಸಿಕೊಡುತ್ತಾರೆ. ಹಣ ಪಡೆದು ಸಿದ್ಧ ಮನವಿ ಬರೆದುಕೊಡುವವರ ಕಾಗದಗಳು ಹತ್ತು ಊರಿಗೆ ಒಂದೇ ಬಗೆಯವು; ಅವನ್ನು ಕೊಳ್ಳಬೇಡಿ.

ಆರೋಗ್ಯ ಕೇಂದ್ರದ ವಿಷಯವನ್ನು ಇದೇ ಕಾಗದಕ್ಕೆ ಸೇರಿಸಬೇಡಿ, ಏಕೆಂದರೆ ಒಂದು ಸೂಚನೆ ಒಬ್ಬ ಸಚಿವರಿಗೆ ಹೋಗುತ್ತದೆ. ಸಂವಿಧಾನದ ಪ್ರಕಾರ ಸಾರ್ವಜನಿಕ ಆರೋಗ್ಯ ರಾಜ್ಯಪಟ್ಟಿಯ ವಿಷಯ. ವೈದ್ಯರ ಖಾಲಿ ಹುದ್ದೆಯನ್ನು ಶಾಸಕರ ಮೂಲಕ ವಿಧಾನಸಭೆಯಲ್ಲಿ ಕೇಳಬೇಕು. ಸಂಸದರ ಮೂಲಕ ಕೇಳಬಹುದಾದದ್ದು, ಕೇಂದ್ರ ಮತ್ತು ರಾಜ್ಯ 60:40ರ ಅನುಪಾತದಲ್ಲಿ ಭರಿಸುವ ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಕರ್ನಾಟಕಕ್ಕೆ ಮಂಜೂರಾದದ್ದು ಎಷ್ಟು, ಬಿಡುಗಡೆಯಾದದ್ದು ಎಷ್ಟು ಎಂಬುದನ್ನು. ಮಂಗನ ಕಾಯಿಲೆಗಾಗಿ ಕೊಟ್ಟ ಹಣವನ್ನು ಅದರಲ್ಲಿ ಪ್ರತ್ಯೇಕವಾಗಿ ಕೇಳಿಸಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ, ಆ ಕಾಡಿನ ಹೆಸರನ್ನೇ ಹೊತ್ತಿರುವ ಕಾಯಿಲೆಗೆ ಎಷ್ಟು ಹಣ ಬಂದಿದೆ ಎಂದು ಕೇಳುವ ಹಕ್ಕು ನಮ್ಮ ಜಿಲ್ಲೆಗಿಂತ ಹೆಚ್ಚಾಗಿ ಯಾರಿಗಿದೆ?

ಉತ್ತರ ಬಂದ ದಿನವೇ ಅದು ಸಂಸತ್ತಿನ ಜಾಲತಾಣದಲ್ಲಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಸಿಗುತ್ತದೆ. ಮೊದಲು ಅನುಬಂಧದ ಕೋಷ್ಟಕವನ್ನು ತೆರೆಯಿರಿ, ಪೀಠಿಕೆಯನ್ನು ಆಮೇಲೆ ಓದಿ. (ಅ)ದಿಂದ (ಉ)ವರೆಗೆ ಒಟ್ಟಿಗೆ ಸೇರಿಸಿ ಒಂದೇ ಉತ್ತರ ಕೊಟ್ಟಿದ್ದರೆ, ಯಾವ ಭಾಗ ಬಿಟ್ಟುಹೋಗಿದೆ ಎಂದು ಗುರುತು ಹಾಕಿಕೊಂಡು ಮುಂದಿನ ಅಧಿವೇಶನದಲ್ಲಿ ಅದೊಂದನ್ನೇ ಕೇಳಿಸಿ. ‘ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದ್ದು ಸದನದಲ್ಲಿ ಮಂಡಿಸಲಾಗುವುದು’ ಎಂಬ ಸಾಲು ಕಂಡರೆ ನಿರಾಶರಾಗಬೇಡಿ. ಅದು ಸದನಕ್ಕೆ ಕೊಟ್ಟ ಭರವಸೆಯೆಂದು ಪರಿಗಣಿತವಾಗುತ್ತದೆ. ಮೂರು ತಿಂಗಳಲ್ಲಿ ಅದನ್ನು ಈಡೇರಿಸಬೇಕು, ಈಡೇರಿತೇ ಎಂದು ನೋಡಲು ಸರ್ಕಾರಿ ಭರವಸೆಗಳ ಸಮಿತಿಯಿದೆ. ಪ್ರಶ್ನೆಯ ಸಂಖ್ಯೆ ಮತ್ತು ದಿನಾಂಕವನ್ನು ಬರೆದಿಟ್ಟುಕೊಂಡು, ಮೂರು ತಿಂಗಳು ಕಳೆದ ಮರುದಿನ ಸಂಸದರ ಕಚೇರಿಗೆ ಅದನ್ನು ನೆನಪಿಸಿ.

ಇಷ್ಟಾದರೂ ಫಲವಿಲ್ಲದಿದ್ದರೆ ಲೋಕಸಭೆಗೆ ನೇರವಾಗಿ ಅರ್ಜಿ ಬರೆದು ಸದಸ್ಯರೊಬ್ಬರ ಮೇಲುಸಹಿಯೊಂದಿಗೆ ಮಂಡಿಸಲು ಅವಕಾಶವಿದೆ; ಅದನ್ನು ಅರ್ಜಿಗಳ ಸಮಿತಿ ಪರಿಶೀಲಿಸುತ್ತದೆ. ಅರ್ಜಿ ಕನ್ನಡದಲ್ಲಿಯೇ ಇರಬಹುದು, ಆದರೆ ಜೊತೆಗೆ ಇಂಗ್ಲಿಷ್ ಅಥವಾ ಹಿಂದಿ ಅನುವಾದ ಇರಬೇಕು, ಆ ಅನುವಾದದ ಕೆಳಗೂ ಅರ್ಜಿದಾರರ ಸಹಿ ಇರಬೇಕು.