ಗೀರಿನ ಲೆಕ್ಕ, ಗುದ್ದಿನ ಲೆಕ್ಕ: ಮಗನಿಗೆ ಮೊದಲ ಕಾರು ಹುಡುಕಿದ್ದು

ನನ್ನ ಮಗನಿಗೆ 18 ತುಂಬಿದ್ದು ಕಳೆದ ವರ್ಷ. ಅವನ ಕಾಲೇಜು ಮೈಸೂರಿನ ರಿಂಗ್ ರೋಡ್ ಆಚೆ. ಬೆಳಗ್ಗೆ ಬಸ್ಸು ಸಿಗುತ್ತದೆ, ಲ್ಯಾಬ್ ಮುಗಿಸಿ ಸಂಜೆ ಹೊರಡುವ ಹೊತ್ತಿಗೆ ಸಿಗಲ್ಲ. ಬೈಕ್ ಬೇಡ ಅನ್ನೋದರಲ್ಲಿ ನಮ್ಮ ಮನೆಯವರಿಗೂ ನನಗೂ ಒಂದೇ ಮಾತು. ಉಳಿದದ್ದು ಕಾರು. ಮನೆಯಲ್ಲಿ ಜಾಸ್ತಿ ಗಾಡಿ ಓಡಿಸೋದು ನಾನೇ ಆದ್ದರಿಂದ ಹುಡುಕುವ ಕೆಲಸವೂ ನನ್ನ ತಲೆಗೇ ಬಂತು.

18ರವರೆಗೆ ಕಾದದ್ದಕ್ಕೆ ನಮ್ಮ ಬೀದಿಯಲ್ಲೇ ನಕ್ಕವರಿದ್ದಾರೆ. ಅವರ ಮಕ್ಕಳು ಹತ್ತನೇ ಕ್ಲಾಸಿಗೇ ಸ್ಟೀರಿಂಗ್ ಹಿಡಿದವರು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂತಲ್ವಾ, ಅದನ್ನು ಒಮ್ಮೆ ಓದಿದ್ದರೆ ನಗುತ್ತಿರಲಿಲ್ಲ. ಮೈನರ್ ಮಗ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಅಪ್ಪ ಅಮ್ಮನಿಗೋ ಗಾಡಿ ಮಾಲೀಕರಿಗೋ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವ ತನಕ ಲೈಸೆನ್ಸೇ ಸಿಗಲ್ಲ. ಹಾಗಾಗಿ ನಾವು ಹುಟ್ಟುಹಬ್ಬ ಕಳೆದ ಮೇಲೆ ಎಲ್‌ಎಲ್‌ಆರ್ ಮಾಡಿಸಿ, 30 ದಿನ ಆದ ಮೇಲೆ ಡಿಎಲ್‌ಗೆ ಹಾಕಿದೆವು.

ಇನ್ನು ಯಾವ ಕಾರು? ನನ್ನ ತಮ್ಮನ ಬಳಿ ಉತ್ತರ ರೆಡಿ ಇತ್ತು. "ಅಕ್ಕಾ, ಸುಮ್ನೆ ದುಡ್ಡು ಹಾಕಬೇಡ. ನನ್ನ ಹಳೇ ಐ10 ಶೆಡ್ಡಿನಲ್ಲೇ ನಿಂತಿದೆ, ತಗೊಂಡು ಹೋಗು. ಹೊಸ ಡ್ರೈವರು ಹೇಗೂ ನಾಲ್ಕು ಕಡೆ ಗೀರ್ತಾನೆ."

ಇದು ಅವನೊಬ್ಬನ ಮಾತಲ್ಲ. ಕಲಿಯುವವರಿಗೆ ಹಳೇ ಗಾಡಿ ಅನ್ನೋದು ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಸಲಹೆ. ಆ ಸಲಹೆಯಲ್ಲಿ ಗೀರಿನ ಲೆಕ್ಕ ಇದೆ, ಗುದ್ದಿನ ಲೆಕ್ಕ ಇಲ್ಲ. ಬಂಪರ್ ಗೀರಿದರೆ ಟಿಂಕರಿಂಗ್ ಅಂಗಡಿಯಲ್ಲಿ ಕೆಲವು ಸಾವಿರ ಕೊಟ್ಟರೆ ಮುಗಿಯಿತು. ಎದುರಿನಿಂದ ಬರುವ ಟಿಪ್ಪರ್‌ಗೆ ಗುದ್ದಿದರೆ? ಮನೆಯಲ್ಲಿ ಎಲ್ಲರಿಗಿಂತ ಜಾಸ್ತಿ ಗುದ್ದುವ ಸಂಭವ ಇರುವವನಿಗೆ ಎಲ್ಲಕ್ಕಿಂತ ಕಡಿಮೆ ರಕ್ಷಣೆ ಇರುವ ಗಾಡಿ ಕೊಡುವುದು ಯಾವ ಉಳಿತಾಯ?

ತಮ್ಮನ ಗಾಡಿ ಬೇಸ್ ಮಾಡೆಲ್. ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ಎಬಿಎಸ್ ಇಲ್ಲ. 2014ರ ಜನವರಿಯಲ್ಲಿ, ಕಾರುಗಳ ಸುರಕ್ಷತೆ ಪರೀಕ್ಷಿಸಿ ಸ್ಟಾರ್ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಮೊದಲ ಬಾರಿಗೆ ಇಲ್ಲಿನ ಐದು ಕಾರುಗಳನ್ನು ಗಂಟೆಗೆ 64 ಕಿ.ಮೀ ವೇಗದಲ್ಲಿ ಗುದ್ದಿಸಿ ನೋಡಿತು. ಆಲ್ಟೊ 800, ನ್ಯಾನೊ, ಫಿಗೊ, ಐ10, ಪೋಲೊ. ಎಲ್ಲವೂ ಏರ್‌ಬ್ಯಾಗ್ ಇಲ್ಲದವು. ಐದಕ್ಕೂ ಸಿಕ್ಕಿದ್ದು 5ಕ್ಕೆ ಸೊನ್ನೆ ಸ್ಟಾರ್. ಅದೇ ಪೋಲೊಗೆ ಎರಡು ಏರ್‌ಬ್ಯಾಗ್ ಇಟ್ಟು ಮತ್ತೆ ಗುದ್ದಿಸಿದಾಗ 4 ಸ್ಟಾರ್ ಬಂತು. ಇದನ್ನು ತಮ್ಮನಿಗೆ ಫೋನಿನಲ್ಲಿ ವಿಡಿಯೋ ಸಮೇತ ತೋರಿಸಿದೆ. "ನಾನು ಇದರಲ್ಲೇ ಇಷ್ಟು ವರ್ಷ ಓಡಾಡಿದ್ದೀನಲ್ಲ" ಅಂದ. ನಿಜ, ಓಡಾಡಿದ್ದಾನೆ. ನಾನೂ ಮಾರುತಿ 800ರಲ್ಲಿ ಕಲಿತವಳೇ. ಆಗ ಬೇರೆ ಗಾಡಿ ಕೈಗೆಟುಕುತ್ತಿರಲಿಲ್ಲ, ಈಗ ಎಟುಕುತ್ತದೆ. ಅಷ್ಟೇ ವ್ಯತ್ಯಾಸ.

ಹೊಸ ಕಾರು ಬೇಡ ಅನ್ನೋದೂ ಅಷ್ಟೇ ಖಚಿತವಾಗಿತ್ತು. ಸೆಕೆಂಡ್ ಹ್ಯಾಂಡ್‌ನಲ್ಲಿ ಯಾವ ವರ್ಷದ್ದು ಅನ್ನೋದೇ ಮೊದಲ ಜರಡಿ. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯ. ಅದೇ ವರ್ಷದ ಜುಲೈನಿಂದ ಡ್ರೈವರ್ ಏರ್‌ಬ್ಯಾಗ್, ಮುಂದಿನ ಇಬ್ಬರಿಗೂ ಸೀಟ್ ಬೆಲ್ಟ್ ಎಚ್ಚರಿಕೆ, ಹಿಂದಿನ ಪಾರ್ಕಿಂಗ್ ಸೆನ್ಸರ್, ವೇಗದ ಬೀಪ್ ಬಂದವು. 80 ದಾಟಿದರೆ ಆಗಾಗ ಕೂಗುತ್ತದೆ, 120 ದಾಟಿದರೆ ಬಾಯಿ ಮುಚ್ಚುವುದೇ ಇಲ್ಲ. ನಮಗೆ ಕಿರಿಕಿರಿ ಮಾಡುವ ಈ ಬೀಪ್ ಹದಿಹರೆಯದವನ ಗಾಡಿಯಲ್ಲಿ ಚಿನ್ನ. 2020ರ ಏಪ್ರಿಲ್‌ನಿಂದ ಹೊಗೆಯ ನಿಯಮ ಬಿಗಿಯಾಗಿ ಬಿಎಸ್6 ಬಂತು. ಹಾಗಾಗಿ 2020 ಅಥವಾ ಆಮೇಲಿನದು, ಎರಡು ಏರ್‌ಬ್ಯಾಗ್ ಇರಲೇಬೇಕು, 4 ಸ್ಟಾರಿಗೆ ಕಡಿಮೆ ಬೇಡ ಅಂತ ಒಂದು ಗೆರೆ ಎಳೆದುಕೊಂಡೆ. ಪಕ್ಕದ ಸೀಟಿನ ಏರ್‌ಬ್ಯಾಗ್ ಹಳೇ ಮಾಡೆಲ್‌ಗಳಿಗೂ ಕಡ್ಡಾಯವಾದದ್ದು 2021ರ ಕೊನೆಗೆ. ಅದಕ್ಕೇ 2020ರ ಗಾಡಿ ನೋಡುವಾಗ ವೇರಿಯಂಟ್ ಹೆಸರು ಕೇಳಿ ಸುಮ್ಮನಾಗದೆ ಡ್ಯಾಶ್‌ಬೋರ್ಡ್ ಮೇಲೆ ಎಡಗಡೆ ಏರ್‌ಬ್ಯಾಗ್ ಗುರುತು ಇದೆಯಾ ಅಂತ ಕಣ್ಣಾರೆ ನೋಡಬೇಕು.

ಸ್ಟಾರ್ ವಿಷಯದಲ್ಲೂ ಹುಷಾರಾಗಿರಬೇಕು. ಹೆಸರು ಒಂದೇ ಇದ್ದರೂ ತಲೆಮಾರು ಬೇರೆ ಆದರೆ ಗಾಡಿಯೇ ಬೇರೆ. ಪರೀಕ್ಷೆ ಕೂಡ 2022ರ ಜುಲೈನಲ್ಲಿ ಬಿಗಿಯಾಯಿತು. ಅದಕ್ಕೂ ಹಿಂದಿನ 5 ಸ್ಟಾರನ್ನು ಈಗಿನ 5 ಸ್ಟಾರಿನ ಪಕ್ಕ ಇಟ್ಟು ನೋಡೋ ಹಾಗಿಲ್ಲ. ಇಷ್ಟು ಗೊತ್ತಿದ್ದುಕೊಂಡೇ ಪಟ್ಟಿ ಮಾಡಿದೆ: ಆಲ್ಟ್ರೋಜ್, ಕೊನೆಯ ವರ್ಷಗಳ ಪೋಲೊ, ಹೋಂಡಾ ಜಾಝ್. ಮಗ ಮಧ್ಯೆ ಸ್ವಿಫ್ಟ್ ಸೇರಿಸಲು ನೋಡಿದ. ಅವನ ಗೆಳೆಯರಲ್ಲಿ ಅರ್ಧ ಜನರ ಮನೆಯಲ್ಲಿ ಅದೇ. ನಮ್ಮ ಬಜೆಟ್ಟಿಗೆ ಬರುತ್ತಿದ್ದ ತಲೆಮಾರಿನದಕ್ಕೆ 2018ರಲ್ಲಿ 2 ಸ್ಟಾರ್. ಬಿಟ್ಟೆವು.

ಅವನ ನಿಜವಾದ ಆಸೆ ಸನ್‌ರೂಫ್ ಇರುವ ಎಸ್‌ಯುವಿ. "ಅಮ್ಮಾ, ಎತ್ತರ ಇದ್ರೆ ಸೇಫ್" ಅಂತ ವಾದ. ಎತ್ತರ ಇದ್ದರೆ ದೂರ ಕಾಣುತ್ತದೆ, ಒಪ್ಪಿದೆ. ಆದರೆ ಎತ್ತರದ ಗಾಡಿಯನ್ನು ತಿರುವಿನಲ್ಲಿ ಜೋರಾಗಿ ಎಳೆದರೆ ಮಗುಚುವ ಸಂಭವವೂ ಜಾಸ್ತಿ. ಇನ್ನೂ ಕೈ ಕೂರದವನಿಗೆ ನೆಲಕ್ಕೆ ಹತ್ತಿರ ಇರುವ ಹ್ಯಾಚ್‌ಬ್ಯಾಕೇ ವಾಸಿ. ಟರ್ಬೊ ಇಂಜಿನ್‌ನದು ಬೇಡ ಅಂದದ್ದಕ್ಕೂ ಒಂದು ಸಂಜೆ ಮುಖ ಊದಿಸಿದ್ದ. ಆಲ್ಟ್ರೋಜ್‌ನ 1.2 ಲೀಟರ್ ಸಾದಾ ಪೆಟ್ರೋಲ್ ಇಂಜಿನ್ ಬಗ್ಗೆ ಎಲ್ಲರದೂ ಒಂದೇ ದೂರು: ಎಳೆತ ಸಾಲದು. ನನಗೆ ಬೇಕಾಗಿದ್ದದ್ದೇ ಅದು. ಓವರ್‌ಟೇಕ್ ಮಾಡುವ ಮುಂಚೆ ಎರಡು ಸಲ ಯೋಚಿಸಬೇಕು, ಗೇರ್ ಇಳಿಸಬೇಕು. ಯೋಚಿಸಲಿ ಬಿಡಿ.

ಡೀಸೆಲ್ ಕಡೆ ನೋಡಲೇ ಇಲ್ಲ. ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಆ ಮಸಿ ಸುಟ್ಟುಹೋಗಲು ಆಗಾಗ ಹೈವೇಯಲ್ಲಿ ಓಡಬೇಕು. ಕಾಲೇಜು-ಮನೆ ಅಂತ ಕುಂಟುವ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ. ಗೇರು ಮ್ಯಾನ್ಯುಯಲ್ಲೇ ಇರಲಿ ಅಂದೆ. ಚಾಮುಂಡಿ ಬೆಟ್ಟದ ಏರಿನಲ್ಲಿ ಹಾಫ್ ಕ್ಲಚ್ ಹಿಡಿದು ನಿಲ್ಲಿಸಲು ಬಂದರೆ ಮುಂದೆ ಯಾವ ಗಾಡಿ ಕೊಟ್ಟರೂ ಓಡಿಸುತ್ತಾನೆ.

ಗಾಡಿ ನೋಡಲು ಹೋದಾಗ ನಮ್ಮ ಮೆಕ್ಯಾನಿಕ್ ಜೊತೆಗಿದ್ದರು. ಅವರಿಗೆ ಕೊಟ್ಟ ಕೂಲಿ ಇಡೀ ವ್ಯವಹಾರದಲ್ಲಿ ಹೆಚ್ಚು ಲಾಭ ತಂದ ದುಡ್ಡು. ಒಂದು ಯಾರ್ಡಿನಲ್ಲಿ ಗಾಡಿ ಮದುವಣಗಿತ್ತಿ ಥರ ಹೊಳೆಯುತ್ತಿತ್ತು. ಅವರು ಬಾನೆಟ್ ಎತ್ತಿ, ಮಡ್‌ಗಾರ್ಡ್ ಹಿಡಿದಿರುವ ಬೋಲ್ಟ್‌ಗಳನ್ನು ನೋಡಿದರು. ಪೇಂಟ್ ಎದ್ದಿತ್ತು, ಸ್ಪ್ಯಾನರ್ ಗುರುತು ಇತ್ತು. ಕಂಪನಿಯಿಂದ ಬಂದ ಹಾಗೇ ಇದ್ದರೆ ಆ ಬೋಲ್ಟ್ ಯಾರೂ ಮುಟ್ಟಿರಲ್ಲ. "ಮೇಡಂ, ಇದು ಮುಂದುಗಡೆ ಹೊಡೆಸ್ಕೊಂಡಿದೆ" ಅಂದರು. ಮಾರುವವರು ಮೊದಲು ಇಲ್ಲ ಅಂದರು, ಆಮೇಲೆ "ಸಣ್ಣದು ಮೇಡಂ" ಅಂದರು. ಗುದ್ದಿದ ಗಾಡಿಯಲ್ಲಿ ಏರ್‌ಬ್ಯಾಗ್ ಒಮ್ಮೆ ಬಿಚ್ಚಿದ್ದರೆ ಮತ್ತೆ ಅಸಲಿ ಹಾಕಿಸಿದ್ದಾರಾ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಹತ್ತಲೇ ಇಲ್ಲ ಅಂದರೆ ಬಲ್ಬ್ ಕಿತ್ತಿದ್ದಾರೆ ಅಂತ ಅನುಮಾನ ಪಡಬೇಕು. ಸ್ಕ್ಯಾನರ್ ಹಾಕಿಸಿ ನೋಡುವುದು ಇನ್ನೂ ಒಳ್ಳೆಯದು.

ಬೆಂಗಳೂರಿನ ಇನ್ನೊಂದು ಗಾಡಿ ರೇಟಿನಲ್ಲಿ ಬಹಳ ಕಡಿಮೆ ಇತ್ತು. 2022ರ ಸೆಪ್ಟೆಂಬರ್ ಮಳೆಗೆ ಅಲ್ಲಿ ಬೇಸ್‌ಮೆಂಟ್‌ಗಟ್ಟಲೆ ಕಾರು ಮುಳುಗಿದ್ದು ನೆನಪಿತ್ತು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿದೆವು. ಎಲ್ಲರೂ ಸೀಟು, ಕಾರ್ಪೆಟ್ ತೊಳೆಸುತ್ತಾರೆ, ಬೆಲ್ಟಿನ ಸುರುಳಿಯ ಒಳಗಿನ ತುದಿ ಮರೆಯುತ್ತಾರೆ. ಕೆಸರಿನ ಕಲೆ ಅಲ್ಲೇ ಇತ್ತು. ಸೀಟಿನ ಕೆಳಗಿನ ಹಳಿ ತುಕ್ಕು ಹಿಡಿದಿತ್ತು. ನೀರು ಕುಡಿದ ಗಾಡಿಯ ವೈರಿಂಗ್ ಯಾವತ್ತು ಕೈಕೊಡುತ್ತದೋ, ರಾತ್ರಿ ರಿಂಗ್ ರೋಡಿನಲ್ಲಿ ಹೆಡ್‌ಲೈಟ್ ಆರಿದರೆ? ಸುಮ್ಮನೆ ವಾಪಸ್ ಬಂದೆವು. ದೆಹಲಿ ನೋಂದಣಿಯ ಗಾಡಿಗಳೂ ಅಗ್ಗಕ್ಕೆ ಸಿಗುತ್ತವೆ. ಅಲ್ಲಿಂದ ಎನ್‌ಒಸಿ ತರಿಸಿ, ಇಲ್ಲಿ ಮತ್ತೆ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿದರೆ ಆ ಅಗ್ಗ ಎಲ್ಲಿ ಉಳಿಯಿತು?

ಕೊನೆಗೆ ಸಿಕ್ಕಿದ್ದು ಕುವೆಂಪುನಗರದ ಒಬ್ಬ ನಿವೃತ್ತರ 2021ರ ಆಲ್ಟ್ರೋಜ್. ಫಸ್ಟ್ ಓನರ್, ಸರ್ವಿಸ್ ಬಿಲ್ಲೆಲ್ಲ ಜೋಡಿಸಿಟ್ಟಿದ್ದರು. ಐದು ಲಕ್ಷದ ಆಸುಪಾಸಿಗೆ ಮಾತು ಮುಗಿಯಿತು. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನಾಲ್ಕೂ ಗಾಡಿಯ ಜೊತೆ ಬಂದವೇ. ಎರಡು ಸವೆದಿದ್ದವು. ಹೊಸ ಜೋಡಿ ತಂದು ಹಿಂದಕ್ಕೆ ಹಾಕಿಸಿದೆ. ಮಳೆಯಲ್ಲಿ ಹಿಂಭಾಗ ಜಾರಿದರೆ ಹೊಸಬರಿಗೆ ಹಿಡಿತಕ್ಕೆ ತರುವುದು ಬಹಳ ಕಷ್ಟ.

ಕಾಗದದ ಕೆಲಸದಲ್ಲಿ ಗಾಡಿ ನಮ್ಮ ಹೆಸರಿಗೆ ಬರಲು ಫಾರಂ 29, ಫಾರಂ 30, ಬ್ಯಾಂಕ್ ಸಾಲ ತೀರಿದ್ದಕ್ಕೆ ಫಾರಂ 35. ಬಾಕಿ ಇದ್ದ ಟ್ರಾಫಿಕ್ ದಂಡಗಳನ್ನು ದುಡ್ಡು ಕೊಡುವ ಮೊದಲೇ ಕಟ್ಟಿಸಿಕೊಂಡೆ. ಇನ್ಶೂರೆನ್ಸ್ ಅನ್ನು 14 ದಿನದ ಒಳಗೆ ನಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಅದನ್ನು ಮಾತ್ರ ನಾಳೆ ಅನ್ನಬೇಡಿ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದೆ ಇದ್ದದ್ದಕ್ಕೆ ಕಂತಿನಲ್ಲಿ ಸಿಗುವ ರಿಯಾಯಿತಿ, ಗಾಡಿಯ ಜೊತೆ ಬರುವುದಿಲ್ಲ, ಅವರ ಜೊತೆಗೇ ಹೋಗುತ್ತದೆ. ಥರ್ಡ್ ಪಾರ್ಟಿ ಕಂತು ಸಿಸಿ ಮೇಲೆ ನಿಂತಿದೆ. 2022ರ ದರದಲ್ಲಿ 1000ದಿಂದ 1500 ಸಿಸಿ ಗಾಡಿಗೆ ಜಿಎಸ್‌ಟಿ ಬಿಟ್ಟು 3,416 ರೂಪಾಯಿ, 1500 ದಾಟಿದರೆ 7,897.

ಬಹಳ ಜನ ಗಮನಿಸದ ಒಂದು ವಿಷಯ ಇಲ್ಲಿದೆ. ಪಾಲಿಸಿಯ ಜೊತೆ ಬರುವ 15 ಲಕ್ಷದ ಅಪಘಾತ ವಿಮೆ ಓನರ್-ಡ್ರೈವರ್‌ಗೆ ಮಾತ್ರ. ಆರ್‌ಸಿ ನನ್ನ ಹೆಸರಿನಲ್ಲಿದೆ, ಓಡಿಸುವವನು ಮಗ. ಆ 15 ಲಕ್ಷ ಅವನಿಗೆ ಅನ್ವಯಿಸುವುದಿಲ್ಲ. ಅವನ ಹೆಸರಿಗೆ ಬೇರೆ ಅಪಘಾತ ಪಾಲಿಸಿ ಮಾಡಿಸಿದೆ.

ಗಾಡಿ ಬಂದ ಮೇಲೆ ಮೊದಲು ಮಾಡಿಸಿದ್ದು ಬ್ರೇಕ್ ಪಾಠ. ಊರಾಚೆ ಲೇಔಟ್‌ಗಳಲ್ಲಿ ಟಾರು ಹಾಕಿ, ಮನೆ ಇನ್ನೂ ಎದ್ದಿರದ ರಸ್ತೆಗಳು ಬೇಕಾದಷ್ಟಿವೆ. ಅಲ್ಲಿ 40ರಲ್ಲಿ ಹೋಗುತ್ತಾ ಬ್ರೇಕನ್ನು ಪೂರ್ತಿ ಒತ್ತಿಸಿದೆ. ಎಬಿಎಸ್ ಕೆಲಸಕ್ಕೆ ಬಂದಾಗ ಪೆಡಲ್ ಕಾಲಿನ ಕೆಳಗೆ ದಡದಡ ಅಂತ ನಡುಗುತ್ತದೆ. ಗೊತ್ತಿಲ್ಲದವರು ಏನೋ ಮುರಿಯಿತು ಅಂತ ಕಾಲು ತೆಗೆಯುತ್ತಾರೆ. ಅವನೂ ತೆಗೆದ. "ಒತ್ತೇ ಇರು, ಹಾಗೇ ಸ್ಟೀರಿಂಗ್ ತಿರುಗಿಸು" ಅಂತ ಮತ್ತೆ ಮತ್ತೆ ಮಾಡಿಸಿದೆ. ಚಕ್ರ ಲಾಕ್ ಆಗದೆ ಗಾಡಿ ತಿರುಗುತ್ತದೆ ಅಂತ ಕೈಗೆ ಗೊತ್ತಾಗಬೇಕು, ಬಾಯಿಮಾತಿನಲ್ಲಿ ಹೇಳಿದರೆ ಸಾಲದು.

ಅಮೆರಿಕದ ಹಲವು ರಾಜ್ಯಗಳಲ್ಲಿ ಹೊಸದಾಗಿ ಲೈಸೆನ್ಸ್ ಪಡೆದ ಹದಿಹರೆಯದವರಿಗೆ ರಾತ್ರಿ ಓಡಿಸಲು, ಗೆಳೆಯರನ್ನು ಕೂರಿಸಿಕೊಳ್ಳಲು ಕಾನೂನೇ ಮಿತಿ ಹಾಕಿದೆ. ನಮ್ಮಲ್ಲಿ ಅಂಥ ಹಂತಗಳಿಲ್ಲ, ಡಿಎಲ್ ಬಂದ ದಿನವೇ ನಾಲ್ವರು ಗೆಳೆಯರನ್ನು ತುಂಬಿಕೊಂಡು ಬೆಂಗಳೂರು ಎಕ್ಸ್‌ಪ್ರೆಸ್‌ವೇ ಹತ್ತಬಹುದು. ಹಾಗಾಗಿ ಮನೆಯಲ್ಲೇ ನಿಯಮ ಮಾಡಿದೆವು. ಮೊದಲ ಆರು ತಿಂಗಳು ಜೊತೆಗೆ ಒಬ್ಬ ಗೆಳೆಯ ಮಾತ್ರ. ರಾತ್ರಿ ಒಂಬತ್ತರ ಒಳಗೆ ಗಾಡಿ ಮನೆಯಲ್ಲಿ. ಹಿಂದಿನ ಸೀಟಿನವರಿಗೂ ಬೆಲ್ಟ್. ಫೋನ್ ಡ್ಯಾಶ್‌ಬೋರ್ಡ್ ಡಬ್ಬಿಯೊಳಗೆ. ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೆ 100ರ ಮಿತಿ ಇದೆ, ಕ್ಯಾಮೆರಾಗಳೂ ಇವೆ. ಆದರೂ ಅಲ್ಲಿಗೆ ಹೋಗುವಾಗ ಪಕ್ಕದ ಸೀಟಿನಲ್ಲಿ ನಾನೋ ಅವರಪ್ಪನೋ ಇರಲೇಬೇಕು. ಒಂಬತ್ತು ಗಂಟೆ ಬಗ್ಗೆ ಇನ್ನೂ ಚೌಕಾಸಿ ನಡೆಯುತ್ತಿದೆ, ಹತ್ತು ಮಾಡಿ ಅಂತ ಕೇಳುತ್ತಿದ್ದಾನೆ. ಉಳಿದವಕ್ಕೆ ಒಪ್ಪಿದ್ದಾನೆ, ಪೆಟ್ರೋಲ್ ದುಡ್ಡು ನಮ್ಮದೇ ಅಲ್ವಾ.